ಮಣ್ಣಿನ ಗೋಡೆಗೆ ಸಿಮೆಂಟ್ ಬೇಡ



ನಮ್ಮ ಊರಲ್ಲಿ ಮಣ್ಣಿನ ಗೋಡೆ ಬಿರುಕು ಬಿಟ್ಟರೆ ಈಗ ಎಲ್ಲರೂ ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ಇದು ತಪ್ಪು ಎಂದು ನನ್ನ ಅಭಿಪ್ರಾಯ.

ಹೋದ ವರ್ಷ ಕೊಟ್ಟೂರು ತೇರಿಗೆ ನೆಂಟರು ಬರುತ್ತಾರೆಂದು ಅಪ್ಪ ನಡುಮನೆಯ ಗೋಡೆಗೆ ಸಿಮೆಂಟ್ ಹಾಕಿಸಿದರು. "ಮಣ್ಣಿಗೆ ಮಣ್ಣೇ ಮೆತ್ತಬೇಕಪ್ಪಾ" ಎಂದು ಅಜ್ಜಿ ಹೇಳಿದರೂ ಯಾರೂ ಕೇಳಲಿಲ್ಲ. ಗೋಡೆ ಶಾಲೆಯ ಗೋಡೆಯಂತೆ ನುಣ್ಣಗಾಯಿತು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಮಳೆಗಾಲದಲ್ಲಿ ಅದು ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ಬಡಿದರೆ ಡೊಳ್ಳಿನ ಶಬ್ದ. ಒಂದು ರಾತ್ರಿ ಬಾಗಿಲಗಲದ ಚಕ್ಕೆ ದೊಪ್ಪನೆ ಬಿತ್ತು. ತಮ್ಮ ದಿನಾ ಮಲಗುವ ಜಾಗ ಅದೇ. ಅವತ್ತು ಜ್ವರ ಬಂದು ಅವ್ವನ ಹತ್ತಿರ ಮಲಗಿದ್ದ.

ಮಣ್ಣಿನ ಗೋಡೆ ಮಳೆಗೆ ನೀರು ಕುಡಿದು ಬಿಸಿಲಿಗೆ ಆರುತ್ತದೆ. ಮೇಲೆ ಸಿಮೆಂಟ್ ಇದ್ದರೆ ಆರಲು ದಾರಿ ಇಲ್ಲ. ಒಳಗಿನ ಮಣ್ಣು ಮೆತ್ತಗಾದರೂ ಹೊರಗೆ ಚೆಂದ ಕಾಣುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ರಜೆಯಲ್ಲಿ ಅವ್ವ, ನಾನು ಸೇರಿ ರಿಪೇರಿ ಮಾಡಿದೆವು. ಸಡಿಲವಾದದ್ದನ್ನೆಲ್ಲ ಕೆರೆದು ತೆಗೆದೆವು. ಮಸಾರಿ ಮಣ್ಣು ಜರಡಿ ಹಿಡಿದು, ಹೊಟ್ಟು ಸಗಣಿ ಬೆರೆಸಿ, ನೀರು ಹಾಕಿ ನಾಲ್ಕು ದಿನ ಕೊಳೆಯಲು ಬಿಟ್ಟೆವು. ಎರೆಮಣ್ಣು ಮಾತ್ರ ಬೇಡ, ಒಣಗಿದರೆ ಹೊಲದ ಹಾಗೆ ಬಾಯಿ ಬಿಡುತ್ತದೆ. ಕಾಲಲ್ಲಿ ಚೆನ್ನಾಗಿ ತುಳಿದು, ಗೋಡೆಗೆ ನೀರು ಚಿಮುಕಿಸಿ, ಮುದ್ದೆ ಮಾಡಿ ಬೀಸಿ ಹೊಡೆದು ಸವರಿದೆವು. ಮೊದಲನೆಯದು ಆರಿದ ಮೇಲೆ ಇನ್ನೊಂದು ತೆಳು ಪದರ, ಕೊನೆಗೆ ಸುಣ್ಣ. ಇಲಿ ಬಿಲಕ್ಕೆ ಗಾಜಿನ ಚೂರು ತುಂಬಿ ಮುಚ್ಚಿದೆವು. (ಕೈ ಹುಷಾರು, ನನಗೆ ಒಂದು ಚುಚ್ಚಿತು.)

"2009ರ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆ ಬಿದ್ದವಲ್ಲ" ಎಂದು ದೊಡ್ಡವರು ಕೇಳುತ್ತಾರೆ. ನಿಜ. ಆದರೆ ಸಿಮೆಂಟ್ ಬಳಿದರೆ ಅದು ನಿಲ್ಲುವುದಿಲ್ಲ. ಮಾಳಿಗೆ ಸೋರದಂತೆ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಮೆತ್ತುವುದು ಬೇಜಾರಿನ ಕೆಲಸವೇ, ಒಪ್ಪುತ್ತೇನೆ. ಗೋಡೆ ವಾಲಿದ್ದರೆ ನಾವು ಮುಟ್ಟಬಾರದು, ಗೌಂಡಿಯನ್ನೇ ಕರೆಸಬೇಕು.

ಮಣ್ಣಿನ ಮನೆ ಎಂದರೆ ಕೆಲವರು ನಗುತ್ತೀರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ಕೇಂದ್ರದ ವಿಜ್ಞಾನಿಗಳು ಮಣ್ಣಿನ ಇಟ್ಟಿಗೆಯ ಮೇಲೆಯೇ ಸಂಶೋಧನೆ ಮಾಡಿದ್ದಾರೆ. ಅವರನ್ನು ನೋಡಿ ನಗುತ್ತೀರಾ?

ಇನ್ನೊಂದು ಮಾತು. ಮೆತ್ತುವುದು ಹೆಣ್ಣುಮಕ್ಕಳ ಕೆಲಸ ಎಂದು ಹುಡುಗರು ಓಡಿಹೋಗುತ್ತಾರೆ. ಮಣ್ಣು ತುಳಿಯಲು ಅವರ ಕಾಲಿಗೆ ಏನಾಗಿದೆ? ನಮ್ಮ ಅಡುಗೆಮನೆಯ ಗೋಡೆ ಇನ್ನೂ ಬಾಕಿ ಐತೆ, ಭಾನುವಾರ ಬರ್ರಿ. ಮಣ್ಣು ನೆನೆ ಹಾಕಿದ್ದೇವೆ.