ಗರಿಯ ಅಡಿಯ ಜೀವಶಾಸ್ತ್ರ

ಪದವಿಪೂರ್ವ ತರಗತಿಗಳ ಜೀವಶಾಸ್ತ್ರವನ್ನು ಇನ್ನೂ ಉನ್ನತ ಮಟ್ಟಕ್ಕೇರಿಸಬೇಕೆಂಬ ಮಾತು ಬಂದಾಗಲೆಲ್ಲ ಪಠ್ಯದ ಪುಟಗಳನ್ನು ಹೆಚ್ಚಿಸುವುದೇ ಅದಕ್ಕೆ ಮಾರ್ಗವೆಂದು ಬಹುಜನ ಭಾವಿಸುತ್ತಾರೆ. ನಾವು ಇದನ್ನು ಒಪ್ಪಲಾರೆವು. ಪುಸ್ತಕದಲ್ಲಿ ಉತ್ತರ ದೊರೆಯದ ಪ್ರಶ್ನೆಯೊಂದನ್ನು ವಿದ್ಯಾರ್ಥಿಯು ತಾನೇ ಕೈಗೆತ್ತಿಕೊಂಡಾಗ ಪಾಠವು ಉನ್ನತವಾಗುತ್ತದೆ. ಹೊಸದುರ್ಗದಂತಹ ತೆಂಗಿನ ಸೀಮೆಯಲ್ಲಿ ಅಂತಹ ಪ್ರಶ್ನೆಯನ್ನರಸಿ ದೂರ ಹೋಗಬೇಕಾದುದಿಲ್ಲ.

ಬೇಸಗೆಯಲ್ಲಿ ಈ ಭಾಗದ ತೋಟಗಳ ನಡುವೆ ಹಾದುಹೋಗುವವರಿಗೆ ಕೆಳಗಿನ ಗರಿಗಳು ಬೆಂಕಿ ತಗುಲಿದಂತೆ ಒಣಗಿ ನಿಂತ ಮರಗಳು ಕಾಣಸಿಗುತ್ತವೆ. ಇದು ಕಪ್ಪು ತಲೆ ಹುಳುವಿನ ಕೆಲಸ. ಇದರ ಶಾಸ್ತ್ರೀಯ ನಾಮ ಒಪಿಸಿನಾ ಅರೆನೊಸೆಲ್ಲಾ. ನೂಲು ಮತ್ತು ಹಿಕ್ಕೆಗಳಿಂದ ಹೆಣೆದ ಸುರಂಗದೊಳಗೆ ಅವಿತು, ಗರಿಯ ಅಡಿಭಾಗದ ಹಸುರನ್ನು ಕೆರೆದು ತಿನ್ನುತ್ತದೆ. ಇದಕ್ಕೊಂದು ಶತ್ರುವುಂಟು: ಗೋನಿಯೋಜಸ್ ನೆಫಾಂಟಿಡಿಸ್ ಎಂಬ, ಇರುವೆಯಷ್ಟು ಪುಟ್ಟ ಕಣಜ. ಹೆಣ್ಣು ಕಣಜವು ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಗಳನ್ನಿಟ್ಟು, ಮರಿಗಳಿಗೆ ತಾನೇ ಕಾವಲಿರುತ್ತದೆ. ಪರಾವಲಂಬಿ ಕಣಜಗಳಲ್ಲಿ ಇಂತಹ ತಾಯ್ತನ ಅಪರೂಪ. ಈ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡುವ ಪದ್ಧತಿಯಿದೆ. ಆದರೆ ಹುಳುಗಳು ತಕ್ಕಷ್ಟು ಬಲಿತಿರುವಾಗ ಬಿಟ್ಟರೆ ಮಾತ್ರ ಫಲ. ಅವು ಕೋಶಾವಸ್ಥೆಗೆ ಸರಿದ ಮೇಲೆ ಬಿಟ್ಟ ಕಣಜಕ್ಕೆ ಮೊಟ್ಟೆಯಿಡಲು ಆಸರೆಯೇ ಇರುವುದಿಲ್ಲ. ಹಾಗಾದರೆ ನಮ್ಮ ತೋಟಕ್ಕೆ ತಕ್ಕ ಸಮಯ ಯಾವುದು? ಎಣಿಸದೆ ಇದನ್ನು ಯಾರೂ ಹೇಳಲಾರರು.

ವಿದ್ಯಾರ್ಥಿಗಳು ಎಣಿಸಲಿ. ಹದಿನೈದು ದಿನಕ್ಕೊಮ್ಮೆ ಗುರುತು ಮಾಡಿದ ಮರಗಳಿಂದ ಗರಿಗಳನ್ನು ಕೊಯ್ದು (ಮರ ಹತ್ತುವುದು ಬೇಡ, ದೋಟಿಗೆ ಎಟುಕುವವು ಸಾಕು), ಹುಳುಗಳೆಷ್ಟು, ಕೋಶಗಳೆಷ್ಟು, ಕಣಜದ ಪಾಲಾದವೆಷ್ಟು ಎಂದು ಬರೆದಿಡಲಿ. ಬೇಕಾದುದು ಭೂತಗನ್ನಡಿ, ಗಾಜಿನ ಸೀಸೆ, ತೆಳುಬಟ್ಟೆ. ಹುಳುವಿನ ಒಂದು ತಲೆಮಾರು ಸುಮಾರು ಎರಡು ತಿಂಗಳಲ್ಲಿ ಮುಗಿಯುವುದರಿಂದ ಒಂದು ಶೈಕ್ಷಣಿಕ ವರ್ಷದಲ್ಲಿ ಹಲವು ತಲೆಮಾರುಗಳು ಕಣ್ಣೆದುರಿಗೇ ಹಾದುಹೋಗುತ್ತವೆ. ರೂಪಾಂತರ, ಪರಾವಲಂಬನೆ, ಸಂಖ್ಯೆಯ ಏರಿಳಿತ, ಎಣಿಕೆಯಲ್ಲಿ ನುಸುಳುವ ದೋಷ, ಇವೆಲ್ಲಕ್ಕೂ ಒಂದೇ ಗರಿ ಸಾಕು.

1958ರಲ್ಲಿ ಅಮೆರಿಕದಲ್ಲಿ ಆರಂಭವಾದ ಜೀವಶಾಸ್ತ್ರ ಪಠ್ಯಕ್ರಮ ಅಧ್ಯಯನ ಮಂಡಳಿಯು ಒಂದೇ ವಿಷಯಕ್ಕೆ ಮೂರು ಪಠ್ಯಗಳನ್ನು ರಚಿಸಿತು: ಒಂದು ಅಣುಗಳಿಗೆ, ಒಂದು ಜೀವಕೋಶಕ್ಕೆ, ಇನ್ನೊಂದು ಪರಿಸರಕ್ಕೆ ಒತ್ತುಕೊಟ್ಟಿತು. ಶಾಸ್ತ್ರದ ಮನೆಗೆ ಬಾಗಿಲು ಒಂದೇ ಅಲ್ಲವೆಂಬುದು ಅಲ್ಲಿ ಆಗಲೇ ಮನಗಂಡ ಸಂಗತಿ.

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಸಲ್ಲುವಾಗ ತಂದೆತಾಯಿಗಳು ಹುಳು ಎಣಿಸುವುದಕ್ಕೆ ಒಪ್ಪುವರೇ? ಈ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಹನ್ನೆರಡನೆಯ ತರಗತಿಯ ರಾಷ್ಟ್ರೀಯ ಪಠ್ಯದಿಂದ ಆಹಾರೋತ್ಪಾದನೆ ಮತ್ತು ಪರಿಸರ ಸಮಸ್ಯೆಗಳ ಅಧ್ಯಾಯಗಳನ್ನು ಕೈಬಿಟ್ಟಿರುವುದೂ ನಮಗೆ ಅನುಕೂಲವಲ್ಲ. ಆದರೂ ಜೀವಿಗಳ ಸಂಖ್ಯೆಯನ್ನೂ ಪರಾವಲಂಬನೆಯನ್ನೂ ಕುರಿತ ಅಧ್ಯಾಯ ಉಳಿದಿದೆ. ಗರಿ ಎಣಿಸಿದವನು ಅದನ್ನು ಬಾಯಿಪಾಠ ಮಾಡಬೇಕಾದ ಪ್ರಮೇಯ ಕಡಮೆ.

ಇನ್ನೊಂದು ಮಾತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಮಕ್ಕಳು ಪದವಿಪೂರ್ವ ವಿಜ್ಞಾನ ತರಗತಿಯ ಇಂಗ್ಲಿಷಿನೆದುರು ಮೂಕರಾಗುವುದನ್ನು ಎಲ್ಲ ಅಧ್ಯಾಪಕರೂ ಬಲ್ಲರು. ಸುಳಿ, ಹೊಂಬಾಳೆ, ಹರಳುಗಳನ್ನು ಬಲ್ಲ ರೈತರ ಮಗಳು ತೋಟದಲ್ಲಿ ಅಧ್ಯಾಪಕರಿಗೇ ಪಾಠ ಹೇಳಬಲ್ಲಳು. ಅವಳ ಟಿಪ್ಪಣಿ ಪುಸ್ತಕ ಕನ್ನಡದಲ್ಲಿರಲಿ. ಪ್ರಾಯೋಗಿಕ ಪರೀಕ್ಷೆಯ ಅಂಕಗಳಲ್ಲಿ ಒಂದು ಪಾಲನ್ನು ಆ ಪುಸ್ತಕಕ್ಕೆ ಮೀಸಲಿಡುವಂತೆ ಇಲಾಖೆಯನ್ನು ಕೇಳುತ್ತೇವೆ. ಅಷ್ಟಾದರೆ ಮುಂದಿನ ಜೂನ್‌ನಲ್ಲೇ ಮೊದಲ ಗರಿಯನ್ನು ಕೊಯ್ಯಬಹುದು.