ಟೀಚರ್‌ಗೂ ಒಂದು ಪ್ರವಾಸ ಬೇಕು | ಭಾಗ 4

ಶಿಕ್ಷಕರ ತರಬೇತಿ ಅಂದ್ರೆ ಗೊತ್ತಲ್ಲ? ಹಾಲ್, ಪಿಪಿಟಿ, ಹಾಜರಾತಿಗೆ ಸಹಿ, ಊಟ, ಗ್ರೂಪ್ ಫೋಟೊ. ಮುಗೀತು.

ವರ್ಷಗಟ್ಟಲೆ ಸಮಾಜ ವಿಜ್ಞಾನ ಪಾಠ ಮಾಡಿದೆ. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಗಟ್ಟಿಯಾಗಿದ್ದು 1915ರಲ್ಲಿ ಸಿಕ್ಕ ಮಸ್ಕಿ ಶಾಸನದಿಂದ ಅಂತ ಬೋರ್ಡ್ ಮೇಲೆ ಬರೆದೆ. ಒಬ್ಬಳು ಕೇಳಿದಳು: "ಮಿಸ್, ಆ ಬಂಡೆ ಎಷ್ಟು ದೊಡ್ಡದು?" ನನಗೆ ಗೊತ್ತಿರಲಿಲ್ಲ. ಯಾವ ತರಬೇತಿಯೂ ಅದನ್ನ ತೋರಿಸಿರಲಿಲ್ಲ.

ಬೇಸಿಗೆ ರಜೆಯಲ್ಲಿ ಸ್ವಂತ ದುಡ್ಡಲ್ಲಿ ರಾಯಚೂರು ಬಸ್ ಹತ್ತಿದೆ. ಆ ಬ್ರಾಹ್ಮಿ ಅಕ್ಷರ ಕಣ್ಣಾರೆ ನೋಡಿ ಬಂದಮೇಲೆ, ಆ ಪಾಠಕ್ಕೆ ನಾನು ಪುಸ್ತಕ ತೆರೆದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಅಂತಿದೆ. ಅದರಲ್ಲಿ 8 ಗಂಟೆ ಹಾಲ್‌ನಿಂದ ಹೊರಗೆ ಕಳಿಸಿ. ಓಓಡಿ ಕೊಡಿ, ಬಸ್ ಚಾರ್ಜ್ ಕೊಡಿ.

"ಟೀಚರ್‌ಗಳಿಗೆ ಪಿಕ್ನಿಕ್ಕಾ?" ಅಂತೀರಾ? ವಾಪಸ್ ಬಂದು ಮಕ್ಕಳ ಮುಂದೆ ಒಂದು ಪಾಠ ಮಾಡಿಸಿ. ಕೂತು ನೋಡಿ. ಅದೇ ನಮ್ಮ ವರದಿ.

ನೀವು ಎಸ್‌ಡಿಎಂಸಿ ಸದಸ್ಯರಾ? ಮುಂದಿನ ಸಭೆಯಲ್ಲಿ ಠರಾವು ಮಾಡಿ ಬಿಇಒ ಕಚೇರಿಗೆ ಕಳಿಸಿ. ಪ್ರಶ್ನೆ ಕೇಳೋ ಮಗು ನಿಮ್ಮ ಮನೆಯಲ್ಲೂ ಇದೆ.

#ಟೀಚರ್_ಮಾತು #ಸರ್ಕಾರಿಶಾಲೆ #ಮಸ್ಕಿ