ಕೆರೆಗೆ ಹಾರ

ಕನ್ನಡದ ಜನಪದ ಕಥನಗೀತೆಗಳಲ್ಲಿ ‘ಕೆರೆಗೆ ಹಾರ’ದಷ್ಟು ಪ್ರಸಿದ್ಧವಾದವು ಕೆಲವೇ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಹಿರಿಯ ಸೊಸೆಯನ್ನು ಹಾರ ಕೊಡಬೇಕೆಂಬ ಮಾತು ಬರುತ್ತದೆ. ಆಕೆ ಹೋದರೆ ಮನೆತನ ನಡೆಸುವವರಾರು ಎಂಬ ಲೆಕ್ಕ ಹಾಕಿ, ಕಿರಿಯ ಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಇಲ್ಲಿ ‘ಹಾರ’ವೆಂದರೆ ಕೊರಳಿನ ಮಾಲೆಯಲ್ಲ, ಬಲಿ.

ಭಾಗೀರಥಿಯನ್ನು ತ್ಯಾಗಮೂರ್ತಿಯೆಂದು ಕೊಂಡಾಡುವುದು ವಾಡಿಕೆಯಾಗಿದೆ. ಇದು ಹಾಡನ್ನು ಅರ್ಧ ಕೇಳಿದವರ ಹೊಗಳಿಕೆ. ಅವಳ ಒಪ್ಪಿಗೆಯನ್ನು ಕೇಳಿದವರು ಯಾರು? ಅವಳು ತವರಿಗೆ ಹೋಗಿ ಅಳುತ್ತಾಳೆ. ಹೆತ್ತವರಿಗೂ ನಿಜ ಹೇಳಲಾರದೆ ಗೆಳತಿಯೊಬ್ಬಳಿಗೆ ಹೇಳುತ್ತಾಳೆ. ಗಂಗೆಯ ಪೂಜೆಯ ದಿನ ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿಯುತ್ತದೆ. ತರಲು ಬೇರೆ ಯಾರೂ ಹೋಗುವುದಿಲ್ಲ; ಭಾಗೀರಥಿ ಹೋಗುತ್ತಾಳೆ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯನು ಕೆಟ್ಟ ಕನಸು ಕಂಡು ಕುದುರೆಯೇರಿ ಬಂದಾಗ, ಅವಳು ತವರಿಗೆ ಹೋಗಿರುವಳೆಂದು ಮನೆಯವರು ಸುಳ್ಳಾಡುತ್ತಾರೆ. ಹೆಮ್ಮೆಪಡುವಂತಹ ತ್ಯಾಗವಾಗಿದ್ದರೆ ಮುಚ್ಚಿಡುವ ಅಗತ್ಯವೇನಿತ್ತು? ಗೆಳತಿಯಿಂದ ನಿಜ ತಿಳಿದ ಅವನು ಅದೇ ಕೆರೆಗೆ ಹಾರುತ್ತಾನೆ. ಹಾಡು ಯಾರನ್ನೂ ಬಯ್ಯುವುದಿಲ್ಲ. ಆ ಸುಳ್ಳನ್ನೂ ಆ ಸಾವನ್ನೂ ಅಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತದೆ.

ಈ ಕಥೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಸರ್ಬಿಯಾದ ಸ್ಕಾದರ್ ಕೋಟೆಯ ಹಾಡಿನಲ್ಲಿಯೂ ಗೋಡೆಯಲ್ಲಿ ಹೂತುಹೋಗುವವಳು ಕಿರಿಯ ತಮ್ಮನ ಹೆಂಡತಿಯೇ. ಹಿರಿಯರಿಬ್ಬರು ಆಣೆ ಮುರಿದು ತಮ್ಮ ಹೆಂಡಿರನ್ನು ಎಚ್ಚರಿಸಿದ್ದರು.

ಸಕಲೇಶಪುರ, ಆಲೂರು ಗುಡ್ಡಗಳ ಸೀಮೆಯಲ್ಲಿ ಈ ಹಾಡಿಗೆ ಮತ್ತೊಂದು ಅರ್ಥ ಕೂಡಿಕೊಂಡಿದೆ. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ ಸಕಲೇಶಪುರದ ಮೂಲಕ ಹರಿಯುವ ಹೇಮಾವತಿಗೆ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. (‘ಹಳ್ಳಿಯ ಹಾಡುಗಳು’ ಸಂಗ್ರಹಿಸಿದ ರಾಮಸ್ವಾಮಿ ಅಯ್ಯಂಗಾರರ ಊರೂ ಅದೇ.) ಹಿನ್ನೀರಿನಲ್ಲಿ ಗದ್ದೆ, ತೋಟ, ಗುಡಿ, ಊರುಗಳು ಮುಳುಗಿದವು. ಅಣೆಕಟ್ಟೇ ಬೇಡವಾಗಿತ್ತೆಂದು ವಾದಿಸುವುದು ನ್ಯಾಯವಲ್ಲ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ಅದರಿಂದ ನೀರು ದೊರೆತಿದೆ. ಮಲ್ಲನಗೌಡನ ಕೆರೆಯೂ ಊರಿಗೆ ಬೇಕಾದ ಕೆರೆಯೇ ಆಗಿತ್ತು. ಆದರೆ ನೀರು ಪಡೆದವರಲ್ಲಿ ಹೆಚ್ಚಿನವರು ನೆಲ ಕಳೆದುಕೊಂಡವರಲ್ಲ. ನೆಲ ಕಳೆದುಕೊಂಡವರಲ್ಲಿ ಹಲವರಿಗೆ ಬದಲಿ ಜಮೀನು ದೊರೆತದ್ದು ಕಾಡಿನ ಅಂಚಿನಲ್ಲಿ. ಇಂದು ಆ ಸೀಮೆಯ ಭತ್ತದ ಗದ್ದೆಗಳಿಗೂ ಕಾಫಿ ತೋಟಗಳಿಗೂ ಆನೆಗಳು ನುಗ್ಗುತ್ತವೆ. ಯಾರು ಕಳೆದುಕೊಳ್ಳಬೇಕೆಂಬುದನ್ನು ಕಳೆದುಕೊಳ್ಳುವವರನ್ನು ಕೇಳದೆ ನಿರ್ಧರಿಸುವ ಆ ಹಳೆಯ ಲೆಕ್ಕವೇ ಇಲ್ಲಿಯೂ ನಡೆಯಿತೆನ್ನದೆ ವಿಧಿಯಿಲ್ಲ.

ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಇಗರ್ಜಿಯೊಂದರ ಗೋಡೆಗಳು ಇನ್ನೂ ನಿಂತಿವೆ. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಬುಡದವರೆಗೆ ಕಾಣುತ್ತವೆ. ದೂರದೂರದಿಂದ ಬಂದ ಪ್ರವಾಸಿಗಳು ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಸುತ್ತಲಿದ್ದ ಊರಿನವರು ಎಲ್ಲಿಗೆ ಹೋದರೆಂದು ವಿಚಾರಿಸುವವರು ವಿರಳ.